ಅಳಿಯನಿಗೆ ನಾನು ಕೊಟ್ಟ ಔಷಧ

ನನ್ನ ಅಳಿಯನ ಕೈಗೆ ಆ ಬಾಟಲಿ ಇಟ್ಟವನು ನಾನೇ. ಅವನು ಕೇಳಿರಲಿಲ್ಲ. ನಾನೇ ಕಪಾಟಿನಿಂದ ತೆಗೆದು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ನಿಂಬೆಕಾಯಿ ಉಪ್ಪಿನಕಾಯಿಯ ಜೊತೆ ಅವನ ಚೀಲದಲ್ಲಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನಿಮಗೆ ನನ್ನ ಬೀಗಿತಿಯ ಮೇಲೆ, ಅಳಿಯನ ಮೇಲೆ, ಅಂಗಡಿಯಂಥ ಆ ಕ್ಲಿನಿಕ್ಕಿನ ಮೇಲೆ ಸಿಟ್ಟು ಬರಬಹುದು. ಅವರ ಪಾಲಿನದು ಅವರಿಗಿರಲಿ. ನನ್ನ ಪಾಲಿನದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಕ ಹ್ಯೂಸ್ಟನ್ನಿನಲ್ಲಿ ನರ್ಸ್ ಆಗಿದ್ದಳು. ಅವಳು ಕರೆಸಿಕೊಂಡದ್ದರಿಂದ ಹೆಂಡತಿಯನ್ನೂ ಇನ್ನೂ ಶಾಲೆಗೆ ಸೇರಿರದ ಮಗಳನ್ನೂ ಕರೆದುಕೊಂಡು ಮೈಸೂರಿನಿಂದ ಬಂದೆ. ಈಗ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅನ್ನುತ್ತಾರಲ್ಲ, ಆ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ದಿನಸಿ ಅಂಗಡಿಯಲ್ಲಿ ಕೊಳೆತ ಟೊಮೆಟೊ ಬೇರೆ ಮಾಡುವ ಕೆಲಸದಿಂದ ಶುರುಮಾಡಿ, ಮ್ಯಾನೇಜರ್ ಆಗಿ ರಿಟೈರ್ ಆದೆ. ಹೆಂಡತಿ ಅದೇ ರಸ್ತೆಯ ಸೀರೆ ಅಂಗಡಿಗಳಿಗೆ ರವಿಕೆ ಹೊಲಿದುಕೊಡುತ್ತಿದ್ದಳು, ಈಗಲೂ ಹೊಲಿಯುತ್ತಾಳೆ. ಹ್ಯೂಸ್ಟನ್ನಿನ ಹೊರವಲಯದ ಫುಲ್‌ಶೀರ್‌ನಲ್ಲಿ ನಮ್ಮ ಮನೆ. ಮಗಳು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿದ್ದಾಳೆ. ಅಳಿಯ ಧಾರವಾಡದವನು, ಅಲ್ಲಿಯ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ತಾಯಿ ಡಾಲಸ್‌ನಲ್ಲಿ ಕಿರಿಯ ಮಗನ ಜೊತೆ ಇದ್ದಾರೆ.

ರಿಟೈರ್ ಆದ ಮೇಲೆ ನನಗೆ ಮುಪ್ಪಿನ ಹೆದರಿಕೆ ಹತ್ತಿತು. ಸಾವಿನ ಹೆದರಿಕೆಯಾಗಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ಇದು ಕನ್ನಡಿಯ ಹೆದರಿಕೆ. ಎದೆಯ ಮಾಂಸ ಜೋತುಬಿದ್ದದ್ದು, ತೋಳು ಸಣ್ಣಗಾದದ್ದು ನೋಡಿ ನೋಡಿ ಒಳಗೇ ಕುದಿಯುತ್ತಿದ್ದೆ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ನನಗಿಂತ ದೊಡ್ಡವರೊಬ್ಬರು ಬಿರಬಿರನೆ ನಡೆಯುತ್ತಿದ್ದರು. ಗುಟ್ಟೇನು ಎಂದು ಕೇಳಿದೆ. ದಾರಿಯಲ್ಲಿನ ಕೆರೆಯಂಥ ಹೊಂಡದ ಹತ್ತಿರ ಹೆಂಗಸರು ಮುಂದೆ ಹೋಗುವವರೆಗೂ ಕಾದು, ಕಿವಿಯಲ್ಲಿ ಹೇಳಿದರು. ಗಂಡಸರಿಗೆಂದೇ ಒಂದು ಕ್ಲಿನಿಕ್ ಇದೆಯಂತೆ. ಒಂದು ಜೆಲ್ ಕೊಡುತ್ತಾರಂತೆ. ದಿನಾ ಭುಜಕ್ಕೆ ಹಚ್ಚಿಕೊಂಡರೆ ಸಾಕಂತೆ.

ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಮಾಂಸ ಸುಡುವ ಹೋಟೆಲಿಗೂ ನಡುವೆ ಇತ್ತು ಆ ಕ್ಲಿನಿಕ್. ಒಳಗೆ ಚರ್ಮದ ಸೋಫಾ, ಗೋಡೆಯ ಮೇಲೆ ಕೊಂಬಿನ ಜಿಂಕೆಯ ತಲೆ, ದೊಡ್ಡ ಟಿವಿಯಲ್ಲಿ ಫುಟ್‌ಬಾಲ್. ಪಕ್ಕದ ಹೋಟೆಲಿನ ಹೊಗೆ ಎಸಿಯೊಳಗೆ ಬರುತ್ತಿತ್ತು. ನನ್ನಂಥ ನಾಲ್ಕಾರು ಮುದುಕರು ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವತ್ತು ನನಗೆ ಅಲ್ಲಿ ಹಬ್ಬದ ಸಡಗರ. ರಕ್ತ ತೆಗೆದರು. ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂದರು. ಅದು ಗಂಡಸಿನ ಹಾರ್ಮೋನು ಎಂದಷ್ಟೇ ನನಗೆ ಗೊತ್ತಿದ್ದದ್ದು. ಒತ್ತಿದರೆ ಜೆಲ್ ಬರುವ ಬಾಟಲಿ ಕೊಟ್ಟು, ಹಚ್ಚಿದ ಮೇಲೆ ಕೈ ತೊಳೆಯಬೇಕು, ಹಚ್ಚಿದ ಜಾಗ ಹೆಂಗಸರಿಗೆ, ಮಕ್ಕಳಿಗೆ ತಾಗಬಾರದು, ಇನ್ನೊಬ್ಬರಿಗೆ ಕೊಡಬಾರದು ಅಂದರು. ಡಬ್ಬಿಯ ಮೇಲೂ ಅದೇ ಅಚ್ಚಾಗಿತ್ತು. ಅಷ್ಟು ಇಂಗ್ಲಿಷ್ ನನಗೆ ಓದಲು ಬರುತ್ತದೆ.

ಹೆಂಡತಿಗೆ ಮೊಣಕಾಲು ನೋವಿನ ಔಷಧ ಅಂದೆ.

"ಮೊಣಕಾಲು ನೋವಿಗೆ ಭುಜಕ್ಕೆ ಹಚ್ಚೋದನ್ನ ಇದೇ ಮೊದಲು ನೋಡ್ತಿರೋದು ಕಣ್ರೀ," ಅಂದಳು.

"ಅಮೆರಿಕದ ಔಷಧ. ನರದ ಮೂಲಕ ಹೋಗುತ್ತೆ."

"ಹೋಗ್ಲಿ, ಹೋಗ್ಲಿ," ಎಂದು ಸೂಜಿಗೆ ದಾರ ಪೋಣಿಸಿದಳು.

ಆ ವರ್ಷದ ಯುಗಾದಿಗೆ ಮಗಳು ಅಳಿಯ ಬಂದಿದ್ದರು. ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ಮಗಳಿಗೆ ಮೂವತ್ತೈದು ದಾಟುತ್ತಿತ್ತು. ಮಗು ಬೇಕೆಂದು ಅವರು ಪ್ರಯತ್ನ ಮಾಡುತ್ತಿದ್ದಾರೆ, ಆಗುತ್ತಿಲ್ಲ ಎಂದು ಹೆಂಡತಿಯಿಂದ ತಿಳಿದಿತ್ತು. ಊಟವಾದ ಮೇಲೆ ಅಳಿಯ ಸೋಫಾದಲ್ಲೇ ಕಣ್ಣು ಮುಚ್ಚಿದ. ಸಂಜೆ ವಾಕಿಂಗಿಗೆ ಎಳೆದುಕೊಂಡು ಹೋದೆ. ಸ್ವಲ್ಪ ದೂರ ನಡೆದು ಬೆಂಚಿನ ಮೇಲೆ ಕೂತುಬಿಟ್ಟ.

"ಯಾಕೋ ಭಾಳ ದಣಿವಾಗ್ತದ್ರಿ ಮಾವಾರ. ಯಾವುದ್ರಾಗೂ ಮನಸ್ಸಿಲ್ಲ. ಆಫೀಸಿನ್ಯಾಗ ಬ್ಯಾರೆ ಜನಾನ್ನ ಕೆಲಸದಿಂದ ತಗೀಲಿಕ್ಕತ್ಯಾರ."

ಕೆಲಸದ ಭಯದಿಂದ ನಿದ್ದೆಗೆಟ್ಟ ಒಬ್ಬ ಮನುಷ್ಯ ಹೇಳಿದ ಮಾತು ಅದು. ನನಗೆ ಕೇಳಿಸಿದ್ದೇ ಬೇರೆ. ಓಹೋ, ಇವನಲ್ಲಿ ಶಕ್ತಿ ಸಾಲದು, ಅದಕ್ಕೇ ಮಗುವಾಗಿಲ್ಲ ಎಂದುಕೊಂಡೆ. ನಮ್ಮ ಮನೆಗಳಲ್ಲಿ ಔಷಧ ಅಂದರೆ ಹಾಗೇ ಅಲ್ಲವೇ? ನನಗೆ ಕೊಟ್ಟ ಕೆಮ್ಮಿನ ಸಿರಪ್ಪನ್ನು ಹೆಂಡತಿ ಕುಡಿಯುತ್ತಾಳೆ, ಅವಳ ಹೊಟ್ಟೆನೋವಿನ ಮಾತ್ರೆಯನ್ನು ಪಕ್ಕದ ಮನೆಯಾಕೆ ಒಯ್ಯುತ್ತಾಳೆ, ಊರಿಂದ ಬಂದವರು ಸೂಟ್‌ಕೇಸಿನ ಮೂಲೆಯಲ್ಲಿ ಆ್ಯಂಟಿಬಯಾಟಿಕ್ ತಂದು ಹಂಚುತ್ತಾರೆ. ಹಿರಿಯರ ಕೈಯಿಂದ ಬಂದ ಮದ್ದು ಪ್ರಸಾದದ ಹಾಗೆ, ಬೇಡ ಅನ್ನಬಾರದು.

"ಅಳಿಯಂದ್ರೇ, ನಾನು ಈ ವಯಸ್ಸಿನಲ್ಲಿ ಹೀಗೆ ನಡೀತೀನಲ್ಲ, ಹೇಗೆ ಅಂದ್ಕೊಂಡ್ರಿ?" ಎಂದು ತೋಳು ಮಡಚಿ ತೋರಿಸಿದೆ. ಅಳಿಯನೆದುರು, ಬೆಂಚಿನ ಹತ್ತಿರ ನಿಂತು, ಆ ಜೋತುಬಿದ್ದ ತೋಳನ್ನು! "ಗಂಡಸುತನಕ್ಕೆ ಒಂದು ಔಷಧ ಇದೆ. ಹಚ್ಚಿಕೊಳ್ಳಿ. ಬರೋ ಯುಗಾದಿಗೆ ಮೊಮ್ಮಗನ್ನ ಎತ್ಕೊಂಡೇ ಬನ್ನಿ."

ಅವನು ನಕ್ಕ. ನಾಚಿಕೊಂಡ. ಒಯ್ದ.

ಸ್ವಲ್ಪ ದಿನಕ್ಕೆ ಫೋನ್ ಮಾಡಿ, "ಮಾವಾರ, ಏನ್ ಔಷಧ ಕೊಟ್ರಿ ನೀವು! ಹುಲಿ ಆಗೀನ್ರಿ," ಅಂದ. ಬಾಟಲಿ ಮುಗಿದ ಮೇಲೆ ಆಸ್ಟಿನ್ನಿನಲ್ಲೇ ಅಂಥದ್ದೇ ಕ್ಲಿನಿಕ್ ಹುಡುಕಿಕೊಳ್ಳಲು ನಾನೇ ಹೇಳಿದೆ. ಜಿಮ್‌ಗೆ ಸೇರಿದ. ಅಂಗಿಯ ತೋಳು ಬಿಗಿಯಾದವು. ಫೋಟೊ ಕಳಿಸಿದಾಗಲೆಲ್ಲ ಅದರಲ್ಲಿ ನನ್ನ ಕೈವಾಡವನ್ನೇ ನೋಡಿ ಹಿಗ್ಗಿದೆ.

ಆ ಹೊತ್ತಿಗೇ ಮಗಳು ಬಂಜೆತನದ ಚಿಕಿತ್ಸೆ ಮಾಡುವ ಡಾಕ್ಟರ ಹತ್ತಿರ ಹೋಗಲು ಶುರುಮಾಡಿದ್ದಳು. ಮೂವತ್ತೈದು ದಾಟಿದವರು ಆರು ತಿಂಗಳ ಪ್ರಯತ್ನದಲ್ಲಿ ಆಗದಿದ್ದರೆ ಕಾಯದೆ ಬರಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರಂತೆ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಪರೀಕ್ಷೆ ಆಗಬೇಕು ಅಂತಲೂ ಹೇಳಿದ್ದರು. ಫುಲ್‌ಶೀರ್‌ಗೆ ಬಂದಾಗ ಅಡುಗೆಮನೆಯ ಕಟ್ಟೆಗೆ ಒರಗಿ ಮಗಳು ಇದನ್ನು ಅಮ್ಮನಿಗೆ ಹೇಳುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದು ಮತ್ತೆ ಇಂಗ್ಲಿಷಿಗೆ ಹೋಗುತ್ತಾಳೆ. ನಾನು ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

"ಅವನದು ತುಂಬ ಸುಲಭದ ಟೆಸ್ಟ್ ಅಮ್ಮ. ಒಂದು ಡಬ್ಬಿಯಲ್ಲಿ ಸ್ಯಾಂಪಲ್ ಕೊಟ್ಟು ಬಂದರಾಯಿತು. ಅದಕ್ಕೂ ಮುಂದಿನ ವಾರ, ಮುಂದಿನ ವಾರ ಅಂತಾನೆ."

ಹಾಲ್‌ನಲ್ಲಿ ಕೂತಿದ್ದ ನಾನು ಬಾಯಿ ಹಾಕಿದೆ. "ಅವನಿಗೇನಾಗಿದೆ? ಕುದುರೆ ಹಾಗಿದ್ದಾನೆ. ಮೊದಲು ನಿನ್ನದೆಲ್ಲ ನೋಡಿಸ್ಕೊ."

"ಅಪ್ಪ, ಕುದುರೆ ಹಾಗಿದ್ರೆ ಟೆಸ್ಟ್ ಕೊಡೋಕೇನು ಕಷ್ಟ?"

"ಗಂಡಸರಿಗೆ ಅದೆಲ್ಲ ಅವಮಾನ ಕಣಮ್ಮ."

"ನನಗೆ ಅವಮಾನ ಇಲ್ವಾ?" ಅಂದಳು. ನಾನು ಟಿವಿಯ ಶಬ್ದ ಹೆಚ್ಚಿಸಿದೆ.

ಅವಳದೆಲ್ಲ ನೋಡಿಸಿದರು. ಗರ್ಭಕೋಶದೊಳಗೆ ದ್ರವ ಬಿಟ್ಟು, ನಾಳಗಳು ತೆರೆದಿವೆಯೇ ಎಂದು ನೋಡುವ ಎಕ್ಸ್‌ರೇ ಇದೆ. ಅದನ್ನು ಮಾಡಿಸಿಕೊಂಡ ದಿನ ನೋವು ತಡೆಯಲಾಗದೆ ಕಾರಿನಲ್ಲೇ ಒರಗಿಕೊಂಡಿದ್ದಳಂತೆ. ನಾಳಗಳು ಚೆನ್ನಾಗಿದ್ದವು. ಮುಟ್ಟು ಸ್ವಲ್ಪ ಹೆಚ್ಚುಕಡಿಮೆಯಿತ್ತು, ಅದಕ್ಕೆ ಮಾತ್ರೆ ಕೊಟ್ಟರು. ಗಂಡನ ಟೆಸ್ಟ್ ಆಗದೆ ಇದನ್ನೆಲ್ಲ ಮುಂದುವರಿಸುವುದರಲ್ಲಿ ಅರ್ಥವಿಲ್ಲ ಎಂದು ಡಾಕ್ಟರು ಪ್ರತಿಸಲವೂ ಹೇಳುತ್ತಿದ್ದರು. ಅವನು ಪ್ರತಿಸಲವೂ ತಲೆಯಾಡಿಸುತ್ತಿದ್ದ. ಮಾತ್ರೆ ತಿಂದು ಮಗಳ ಮುಖ ಊದಿಕೊಂಡಿತು. ಸಣ್ಣದಕ್ಕೂ ಅಳುತ್ತಿದ್ದಳು. ಪ್ರತಿ ತಿಂಗಳೂ ಹೆಂಡತಿ ಫೋನ್ ಇಟ್ಟು ಸುಮ್ಮನೆ ನನ್ನ ಕಡೆ ನೋಡಿದರೆ, ಈ ಸಲವೂ ಇಲ್ಲ ಎಂದು ತಿಳಿದುಕೊಳ್ಳುತ್ತಿದ್ದೆ.

ಇದರ ನಡುವೆ ಡಾಲಸ್‌ನಲ್ಲಿ ಕುಬಸ ಬಂತು. ನಮ್ಮ ಕಡೆ ಸೀಮಂತ ಅನ್ನುವುದಕ್ಕೆ ಅವರ ಕಡೆ ಕುಬಸ ಅನ್ನುತ್ತಾರೆ. ಬಸುರಿಗೆ ಹಸಿರು ಸೀರೆ, ಹಸಿರು ಕುಪ್ಪಸ ಕೊಟ್ಟು, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಅಳಿಯನ ತಮ್ಮನ ಹೆಂಡತಿಗೆ ಏಳು ತುಂಬಿತ್ತು. ಆ ಕುಪ್ಪಸವನ್ನು ಹೊಲಿದವಳು ನನ್ನ ಹೆಂಡತಿ. ಅಂಚಿಗೆ ಕೈಯಲ್ಲೇ ಜರಿ ಕೂರಿಸಿದ್ದಳು. ಓರಗಿತ್ತಿಗೆ ತಾನೇ ಕೊಡಬೇಕೆಂದು ಮಗಳು ಅದನ್ನು ತಟ್ಟೆಯಲ್ಲಿಟ್ಟುಕೊಂಡು, ದೊಡ್ಡ ಹಾಲ್‌ನ ಮಧ್ಯೆ ಮಣೆಯ ಕಡೆ ನಡೆದಳು.

ಬೀಗಿತಿ ಅಡ್ಡ ಬಂದರು. ದನಿ ಏರಿಸಲಿಲ್ಲ, ನಗುತ್ತಲೇ ಹೇಳಿದರು. "ನೀ ಕೊಡೂದು ಬ್ಯಾಡವಾ. ಮಕ್ಕಳ ತಾಯಿ ಕೈಲೆ ಕೊಡಿಸೂಣು. ನಿಂದೂ ಪಾಳಿ ಬರ್ತದ, ಅವಾಗ ಎಲ್ಲಾ ನೀನ ಮಾಡಿಯಂತ."

ಯಾರೋ ಎರಡು ಮಕ್ಕಳ ತಾಯಿ ಮುಂದೆ ಬಂದು ತಟ್ಟೆ ಈಸಿಕೊಂಡಳು. ಮಗಳ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಹಿಂದಿನಿಂದ ಯಾವಳೋ, "ಡಾಕ್ಟರ್‌ಗೆ ತೋರ್ಸಿರಬೇಕಲ್ಲಾ?" ಎಂದಳು. ಇನ್ನೊಬ್ಬಳು, "ಇಕಿಗೇ ಏನೋ ಪ್ರಾಬ್ಲಮ್ ಅದ ಅಂತ. ಅವನೇನ್, ನೋಡ್ರಿ ಹೆಂಗ ಕಟ್ಟುಮಸ್ತ್ ಆಗ್ಯಾನ," ಎಂದಳು.

ಆಗ ಮಗಳು ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಹೌದು ಆಂಟಿ, ಪ್ರಾಬ್ಲಮ್ ನಂದೇ. ಟ್ರೀಟ್‌ಮೆಂಟ್ ನಡೀತಿದೆ," ಅಂದಳು. ಅವನ ಟೆಸ್ಟ್ ಇನ್ನೂ ಆಗಿಯೇ ಇರಲಿಲ್ಲ. ಆದರೂ ಗಂಡನ ಮರ್ಯಾದೆ ಕಾಯಲು ಹಾಗೆ ಹೇಳಿ ಕಾರಿನ ಕಡೆ ಹೊರಟುಹೋದಳು. ಹೆಂಡತಿ ಅವಳ ಹಿಂದೆ ಓಡಿದಳು. ಅಳಿಯ ಫೋನ್ ನೋಡುತ್ತ ನಿಂತ. ನಾನು? ಬೀಗರ ಸಾಲಿನಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ತಿಂದೆ. ಇನ್ನೊಂದು ಹಾಕಿ ಅಂದೆ. ಆ ಹೋಳಿಗೆಯ ಜಿಡ್ಡು ಇವತ್ತಿಗೂ ನನ್ನ ನಾಲಿಗೆ ಬಿಟ್ಟು ಹೋಗಿಲ್ಲ.

ಕೊನೆಗೆ, ಡಾಕ್ಟರು ಇನ್ನು ಮಾತ್ರೆ ಬರೆಯುವುದಿಲ್ಲ ಅಂದ ಮೇಲೆ, ಅಳಿಯ ಸ್ಯಾಂಪಲ್ ಕೊಟ್ಟ. ರಿಸಲ್ಟ್ ಬಂದ ದಿನ ನನಗೆ ಫೋನ್ ಮಾಡಿದ.

"ಮಾವಾರ, ಒಬ್ಬರ ಇದ್ದೀರೇನ್ರಿ?"

"ಹೇಳಿ."

"ಏನೂ ಇಲ್ಲಂತ್ರಿ. ಝೀರೋ. ಒಂದೂ ಇಲ್ಲ." ಆಮೇಲೆ, "ಟೆಸ್ಟೋಸ್ಟೆರಾನ್ ಏನರ ತಗೋತೀರೇನು ಅಂತ ಡಾಕ್ಟರ್ ಕೇಳಿದ್ರು. ಇಲ್ಲ ಅಂದೆ. ಅಕಿ ಬಾಜೂಕನ ಕೂತಿದ್ಲು."

"ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ಶಕ್ತಿಗಲ್ವಾ?"

"ಮನಿಗೆ ಬಂದು ಓದಿದ್ನಿರಿ. ಹೊರಗಿಂದ ಅದು ಬಂತಂದ್ರ ಮೈ ತಾನಾಗೇ ಮಾಡೂದನ್ನ ನಿಲ್ಲಸ್ತದಂತ. ವೀರ್ಯದಾಗ ಕಣಾನ ಆಗೂದಿಲ್ಲಂತ. ಮಕ್ಕಳು ಬೇಕನ್ನಾವ್ರು ಮುಟ್ಟಬಾರದಂತ್ರಿ ಅದನ್ನ."

ನಾನು ಫೋನ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ ನಿಂತೆ. ಮಗು ಬರಲೆಂದು ಕೊಟ್ಟದ್ದು ಮಗು ಬರದ ಹಾಗೆ ಮಾಡಿತ್ತು. ಮೊದಲು ಏನು ತೊಂದರೆ ಇತ್ತೋ, ಇತ್ತೋ ಇಲ್ಲವೋ, ಅದು ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಮಗಳ ಮುಟ್ಟಿನ ಏರುಪೇರಷ್ಟೇ ಇದ್ದಿದ್ದರೆ ಆ ಮಾತ್ರೆಗಳೇ ಸಾಕಾಗುತ್ತಿದ್ದವೇನೋ. ಎಲ್ಲ ನುಂಗಿದ್ದಳು, ವ್ಯರ್ಥವಾಗಿ.

"ಈಗಲೇ ನಿಲ್ಲಿಸಿ," ಅಂದೆ.

"ನಿಲ್ಲಸ್ತೀನ್ರಿ. ಆದ್ರ ಅಕಿಗೆ ಹೇಳಬ್ಯಾಡ್ರಿ ಮಾವಾರ. ಗೊತ್ತಾದ್ರ ನನ್ನ ಬಿಟ್ಟ ಬಿಡ್ತಾಳ."

"ಆಯ್ತು," ಅಂದೆ.

ಆ ಒಪ್ಪಿಗೆಗೆ ನನ್ನದೇ ಕಾರಣವಿತ್ತು. ಹೇಳಿದರೆ ಬಾಟಲಿ ಎಲ್ಲಿಂದ ಬಂತು ಎಂಬ ಮಾತು ಬರುತ್ತದೆ. ಮೊಣಕಾಲಿನ ಸುಳ್ಳು ಹೊರಬೀಳುತ್ತದೆ. ಈ ವಯಸ್ಸಿನಲ್ಲಿ ಇವರಿಗೆ ಅದ್ಯಾಕೆ ಬೇಕಿತ್ತು ಎಂದು ಹೆಂಡತಿ ನಗುತ್ತಾಳೆ. ಇಷ್ಟೇ. ಮಗಳ ಒಡಲು ಒಂದು ಕಡೆ, ಹೆಂಡತಿಯ ನಗು ಒಂದು ಕಡೆ. ನಾನು ಆ ನಗುವಿಗೆ ಹೆದರಿದೆ. ದೊಡ್ಡ ಪಾಪಕ್ಕೆ ದೊಡ್ಡ ಕಾರಣ ಇರುತ್ತದೆ ಅಂದುಕೊಂಡವರು ನನ್ನನ್ನು ನೋಡಬೇಕು.

ಅವನು ನಿಲ್ಲಿಸಿದವನು ಮತ್ತೆ ಶುರುಮಾಡಿದನಂತೆ. ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಸುಸ್ತು ಬಂತಂತೆ, ಮಂಚದಿಂದ ಏಳಲು ಆಗಲಿಲ್ಲವಂತೆ. ಇನ್ನೊಮ್ಮೆ ಪರೀಕ್ಷೆ ಮಾಡಿದಾಗಲೂ ಏನೂ ಇರಲಿಲ್ಲ. ಗಂಡಸರ ತಜ್ಞರ ಹತ್ತಿರ ಹೋಗಿ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರು. ರಕ್ತ ಕೊಟ್ಟರೆ ಎಲ್ಲ ಹೊರಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೋಗುವುದಿಲ್ಲ ಎಂದು ಹಟ ಹಿಡಿದ.

ಕೆಲವು ವಾರದ ಮೇಲೆ ಮಗಳು ಒಬ್ಬಳೇ ಹ್ಯೂಸ್ಟನ್‌ಗೆ ಬಂದಳು. ಅಮ್ಮನಿಗೆ ಹುಣಸೆಹಣ್ಣು, ಕರಿಬೇವು ಬೇಕೆಂದು ಮಧ್ಯಾಹ್ನ ನಾವಿಬ್ಬರೂ ಹಿಲ್‌ಕ್ರಾಫ್ಟ್‌ಗೆ ಹೋದೆವು. ನಾನು ಹಳೆಯ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

"ಅಪ್ಪ, ಒಂದು ಮಾತು. ಅಮ್ಮನಿಗೆ ಆಮೇಲೆ ಹೇಳ್ತೀನಿ. ನಾವು ಬೇರೆಯವರ ವೀರ್ಯ ತಗೊಂಡು ಮಾಡಿಸ್ಕೋತಿದ್ದೀವಿ. ಡೋನರ್. ಮುಂದಿನ ತಿಂಗಳು."

ನಾನು ಎಂಜಿನ್ ಆರಿಸಿದೆ.

"ಅವನು ತಜ್ಞರ ಹತ್ತಿರ ಬರಲ್ಲ ಅಂದ. ಆಪರೇಷನ್ ಮಾಡ್ತಾರೆ ಅಂತ ಭಯ. ಬೇಡ, ಡೋನರ್ ಆದ್ರೂ ಪರವಾಗಿಲ್ಲ ಅಂದ. ಎಷ್ಟು ದೊಡ್ಡ ಮನಸ್ಸು ನೋಡಿ ಅವನದು. ನನಗೆ ಅವನ ಹಾಗೇ ಇರೋ ಮಗು ಬೇಕಿತ್ತು. ಆದ್ರೆ ಅವನನ್ನ ನೋಯಿಸೋಕೆ ನನಗೆ ಇಷ್ಟ ಇಲ್ಲ. ಡಾಲಸ್‌ನಲ್ಲಿ ಪ್ರಾಬ್ಲಮ್ ನಂದೇ ಅಂತ ಹೇಳಿಯಾಗಿದೆ, ಹಾಗೇ ಇರಲಿ." ಸ್ವಲ್ಪ ತಡೆದು ಕೇಳಿದಳು. "ನೀವು ಆ ಮಗೂನ ಎತ್ಕೋತೀರಾ ಅಪ್ಪ? ನಿಮ್ಮ ಮೊಮ್ಮಗು ಅಂತ?"

"ಎತ್ಕೋತೀನಮ್ಮ," ಅಂದೆ. ಅದು ನಿಜ. ಡೋನರ್ ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ. ನಾನು ಕುಗ್ಗಿದ್ದು ಅದಕ್ಕಲ್ಲ. ದೊಡ್ಡ ಮನಸ್ಸು ಅಂದಳಲ್ಲ, ಆ ಮಾತಿಗೆ. ನಾವಿಬ್ಬರು ಗಂಡಸರು ಕೂಡಿ ಮುಚ್ಚಿಟ್ಟದ್ದರ ಮೇಲೆ ಅವಳು ತನ್ನ ಇಡೀ ಬಾಳಿನ ತೀರ್ಮಾನ ಕಟ್ಟುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಯುಗಾದಿ, ಬೆಂಚು, ಬಾಟಲಿ, ಆಸ್ಟಿನ್ನಿನ ಕ್ಲಿನಿಕ್, ಫೋನು, ಅವನ ಸುಳ್ಳು, ನನ್ನ ಮೌನ. ಒಂದನ್ನೂ ಬಿಡಲಿಲ್ಲ.

ಅವಳು ಕೂಗಾಡಲಿಲ್ಲ. "ಯಾವ ಯುಗಾದಿ?" ಅಂದಳು. ಹೇಳಿದೆ. ಬಾಯೊಳಗೇ ಲೆಕ್ಕ ಹಾಕಿದಳು. "ಅಂದ್ರೆ ಆ ಎಕ್ಸ್‌ರೇ ಮಾಡಿಸ್ಕೊಂಡಾಗಲೇ... ಮಾತ್ರೆ ತಗೋತಿದ್ದಾಗೆಲ್ಲ..." ಕಾರಿನ ಮುಂದೆ ಒಂದು ಸಂಸಾರ ತಳ್ಳುಗಾಡಿಯಲ್ಲಿ ಅಕ್ಕಿಮೂಟೆ ತಳ್ಳಿಕೊಂಡು ಹೋಯಿತು. ಅವರು ದಾಟಿ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಹೊಟ್ಟೆ ವಿಷಯನ ನೀವಿಬ್ಬರೂ ಫೋನಲ್ಲಿ ಮಾತಾಡಿ ಮುಗಿಸಿದ್ರಾ?"

ಅವಳ ತಲೆ ಸವರಲು ಕೈ ಚಾಚಿದೆ. ಚಿಕ್ಕಂದಿನಿಂದ ಮಾಡಿದ್ದು, ಕೈ ತಾನೇ ಹೋಯಿತು. ಅವಳು ಬಾಗಿಲಿಗೆ ಒತ್ತಿಕೊಂಡು ಸರಿದಳು.

"ಮುಟ್ಟಬೇಡಿ. ಅದನ್ನ ಇವತ್ತೂ ಹಚ್ಕೊಂಡಿದ್ದೀರಾ?"

ಹಚ್ಚಿಕೊಂಡಿದ್ದೆ. ಎಲ್ಲ ಗೊತ್ತಾದ ಮೇಲೂ, ಅಳಿಯನಿಗೆ ನಿಲ್ಲಿಸಿ ಎಂದು ಬುದ್ಧಿ ಹೇಳಿದ ಮೇಲೂ, ನಾನು ಬೆಳಿಗ್ಗೆ ಎದ್ದು ಅದನ್ನು ಭುಜಕ್ಕೆ ಸವರಿಕೊಂಡಿದ್ದೆ. ಬಸುರಿಯಾಗಬೇಕೆಂದಿರುವ ಹೆಣ್ಣಿಗೆ ತಾಗಬಾರದ ಔಷಧ. ಅದೇ ಕೈಯಲ್ಲಿ ಆ ದಿನ ಅವಳಿಗೆ ಕಾಫಿ ಕೊಟ್ಟಿದ್ದೆ. ತೊಳೆದಿದ್ದೆನೇ? ನೆನಪಾಗಲಿಲ್ಲ. ನನ್ನ ಮೈಗೆ ಹತ್ತಿದ ಜೆಲ್ಲಿನ ಸ್ಪಿರಿಟ್ ವಾಸನೆ ಕಾರಿನ ತುಂಬ ಇದೆ ಅನ್ನಿಸಿತು. ಜೀವಮಾನದಲ್ಲಿ ಕೊಳೆತ ತರಕಾರಿಯ ರಾಶಿಯಲ್ಲಿ ಕೈಯಾಡಿಸಿದವನು ನಾನು. ಯಾವತ್ತೂ ನನ್ನ ಕೈ ನನಗೇ ಹೇಸಿಗೆಯಾಗಿರಲಿಲ್ಲ.

ಕರಿಬೇವು, ಹುಣಸೆಹಣ್ಣು ತರಲಿಲ್ಲ. ಅವಳೇ ಕಾರು ಓಡಿಸಿದಳು. ಮನೆಗೆ ಬಂದು ಅಮ್ಮನ ಹೊಲಿಗೆ ಮಿಷಿನ್ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ಕಾಲನ್ನು ಪೆಡಲಿನಿಂದ ತೆಗೆದು, ಕನ್ನಡಕ ಇಳಿಸಿ ನನ್ನನ್ನು ನೋಡಿದಳು. ಅವಳಿಗೆ ನಗು ಬರಲಿಲ್ಲ.

"ಅದು ಮೊಣಕಾಲಿಗಲ್ಲ ಅಂತ ನನಗೆ ಮೊದಲ ದಿನವೇ ಗೊತ್ತು. ಮುದುಕನ ಶೋಕಿ, ಇರಲಿ ಅಂತ ಸುಮ್ಮನಿದ್ದೆ. ಅದನ್ನ ಮಗಳ ಸಂಸಾರಕ್ಕೂ ಸವರಿಬಿಟ್ಟಿದ್ದೀರಿ ಅಂತ ಗೊತ್ತಿರಲಿಲ್ಲ."

"ಕ್ಷಮಿಸು," ಅಂದೆ.

"ನನ್ನನ್ಯಾಕೆ ಕೇಳ್ತೀರಿ? ಬಾಟಲಿ ತಗೊಂಡು ಬನ್ನಿ ಇಲ್ಲಿ. ಬೇಡ, ಬೇಡ, ನೀವೇ ಎಸೀರಿ. ನಾನು ಮುಟ್ಟಲ್ಲ."

ಮಗಳು ಒಂದೇ ಒಂದು ಮಾತು ಕೇಳಿದಳು. ಡಾಕ್ಟರ ಮುಂದೆ, ಅವಳ ಗಂಡನ ಎದುರಿಗೆ, ನಾನು ಇದನ್ನು ನನ್ನ ಬಾಯಿಂದ ಹೇಳಬೇಕು. "ನಾನು ಹೇಳಿದ್ರೆ ಅವನು ಮತ್ತೆ ಇಲ್ಲ ಅಂತಾನೆ. ನೀವು ಕೊಟ್ಟಿದ್ದು, ನೀವೇ ಹೇಳಿ."

ಮುಂದಿನ ವಾರ ಆಸ್ಟಿನ್‌ಗೆ ಹೋದೆ. ಆ ಡಾಕ್ಟರು ನಡುವಯಸ್ಸಿನ ಹೆಂಗಸು. ಗೋಡೆಯ ಮೇಲೆ ಮಕ್ಕಳ ಫೋಟೊ ಏನೂ ಇರಲಿಲ್ಲ, ಬರೀ ಒಂದು ಗಿಡ. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ. ಅಳಿಯ ತನ್ನ ಶೂ ನೋಡುತ್ತಿದ್ದ. ಡಾಕ್ಟರು ನನ್ನನ್ನು ಬಯ್ಯಬಹುದು ಅಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಅಳಿಯನ ಕಡೆ ತಿರುಗಿ, ಯಾವುದು, ಎಷ್ಟು, ಎಂದಿನಿಂದ ಎಂದು ಕೇಳಿದರು. ಅವನು ಈ ಸಲ ಸುಳ್ಳು ಹೇಳಲಿಲ್ಲ.

"ಇದನ್ನು ನಿಮಗೆ ಕೊಟ್ಟವರು, ಮಗು ಬೇಕೆ ಎಂದು ನಿಮ್ಮನ್ನು ಕೇಳಲೇ ಇಲ್ಲವೇ?" ಅಂದರು.

"ಇಲ್ಲ," ಎಂದ ಅಳಿಯ. ನಾನು ಮನಸ್ಸಿನಲ್ಲಿ ಅಂದುಕೊಂಡೆ, ನನಗೆ ಗೊತ್ತಿತ್ತು. ಮಗು ಬೇಕೆಂದೇ ಕೊಟ್ಟಿದ್ದೆ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಜೆಲ್ ಈಗಲೇ ನಿಲ್ಲಬೇಕು, ಆದರೆ ತಜ್ಞರ ಕಣ್ಗಾವಲಿನಲ್ಲಿ. ಬಿಟ್ಟಾಗ ಬರುವ ಸುಸ್ತಿಗೂ, ಮೈ ಮತ್ತೆ ತನ್ನ ಕೆಲಸ ಶುರುಮಾಡುವುದಕ್ಕೂ ಬೇರೆ ಔಷಧವಿದೆ. ಹೆಚ್ಚಿನವರಲ್ಲಿ ವೀರ್ಯಕಣ ಮರಳುತ್ತವೆ. ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ, ಕೆಲವರಲ್ಲಿ ಪೂರ್ತಿ ಮರಳುವುದಿಲ್ಲ. "ಅವನಿಗೆ ಸಮಯವಿದೆ. ನಿನ್ನ ಅಂಡಾಣುಗಳಿಗೆ ಅಷ್ಟು ಸಮಯವಿಲ್ಲ," ಎಂದು ಮಗಳಿಗೆ ಹೇಳಿದರು. ಕಾಯಬಹುದು, ಈಗಲೇ ಅಂಡಾಣು ತೆಗೆದು ಇಡಿಸಬಹುದು, ಡೋನರ್ ದಾರಿಯನ್ನೇ ಹಿಡಿಯಬಹುದು. ಯಾವುದೂ ತಪ್ಪಲ್ಲ. ಎಲ್ಲ ತಿಳಿದು ಆರಿಸಬೇಕು, ಅಷ್ಟೇ.

ಮಗಳು, "ಮುಂದಿನ ತಿಂಗಳದ್ದು ಬೇಡ," ಅಂದಳು. ಮಿಕ್ಕದ್ದನ್ನು ತಾನು ಯೋಚಿಸಿ ಹೇಳುವುದಾಗಿ ಹೇಳಿದಳು. ‘ನಾವು’ ಅನ್ನಲಿಲ್ಲ, ‘ನಾನು’ ಅಂದಳು. ಅಳಿಯ ತಲೆಯೆತ್ತಿ ಅವಳನ್ನು ನೋಡಿ ಮತ್ತೆ ಬಗ್ಗಿಸಿದ.

ವಾಪಸು ಬರುವಾಗ ಕಾರಿನಲ್ಲಿ ಮಗಳಿಗೆ ಬೀಗಿತಿಯ ಫೋನ್ ಬಂತು. ದೇವಸ್ಥಾನದಲ್ಲಿ ಯಾವುದೋ ಹರಕೆ ಮಾಡಿಸುವ ವಿಷಯ. ಸ್ಪೀಕರಿನಲ್ಲಿ ಕೇಳುತ್ತಿತ್ತು. "ನಿನ್ನ ಹೆಸರಿಲೆ ಬರೆಸ್ಲಿಕ್ಕತ್ತೀನವಾ, ದೋಷ ನಿನ್ನ ಕಡಿಂದ ಅದಲ್ಲಾ," ಅಂದರು. ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ಮಗಳು ಫೋನ್ ಚಾಚಿದಳು.

"ಬೀಗಿತಿಯವರೇ, ನಾನು," ಅಂದೆ. "ದೋಷ ಅವಳದಲ್ಲ. ನಿಮ್ಮ ಮಗನಿಗೆ ನಾನೊಂದು ಔಷಧ ಕೊಟ್ಟಿದ್ದೆ. ಅದರಿಂದ ಅವನ ವೀರ್ಯದಲ್ಲಿ ಕಣಗಳಿಲ್ಲದ ಹಾಗಾಗಿದೆ. ಡಾಕ್ಟರು ಹೇಳಿದ್ದಾರೆ. ಕೊಟ್ಟವನು ನಾನು, ಮುಚ್ಚಿಟ್ಟವರು ನಾವಿಬ್ಬರು."

ಆ ಕಡೆಯಿಂದ, "ಹಿರ್ಯಾರ ಬಾಯಾಗ ಇಂಥಾ ಮಾತು ಬರಬಾರದಾಗಿತ್ರಿ ಬೀಗರ," ಅಂದರು.

"ಬರಬೇಕಾಗಿತ್ತು. ತಡವಾಯಿತು."

"ನನ್ನ ಮಗಾ ಎಲ್ಲಿದ್ದಾನ?"

"ಇಲ್ಲೇ, ಗಾಡಿ ಓಡಸ್ಲಿಕ್ಕತ್ತೀನಿ ಅವ್ವಾ," ಎಂದ ಅಳಿಯ. ಸ್ಟೀರಿಂಗ್ ಮೇಲಿನ ಅವನ ತೋಳುಗಳು ಗಟ್ಟಿಯಾಗಿದ್ದವು, ದನಿ ಮಾತ್ರ ಒಡೆದಿತ್ತು. "ಮಾವಾರು ಹೇಳಿದ್ದು ಖರೇ ಅದ." ಅವರು ಫೋನ್ ಇಟ್ಟುಬಿಟ್ಟರು.

ಇದಾಗಿ ಕೆಲವು ತಿಂಗಳಾಯಿತು. ಅಳಿಯ ತಜ್ಞರ ಹತ್ತಿರ ಹೋಗುತ್ತಿದ್ದಾನೆ. ಹೋದ ಸಲದ ಪರೀಕ್ಷೆಯಲ್ಲೂ ಏನೂ ಕಂಡಿಲ್ಲ. ಇಷ್ಟು ಬೇಗ ಕಾಣುವುದಿಲ್ಲ ಎಂದಿದ್ದಾರಂತೆ. ಮಗಳು ಅವನನ್ನು ಬಿಟ್ಟಿಲ್ಲ. ಇರುತ್ತೇನೆ ಎಂದೂ ಹೇಳಿಲ್ಲ. ತನ್ನ ಅಂಡಾಣುಗಳನ್ನು ತೆಗೆಸಿ ಇಡಿಸಿದ್ದಾಳೆ. ಅವತ್ತು ಹೆಂಡತಿ ಹೋಗಿ ಜೊತೆಗಿದ್ದು ಬಂದಳು, ನನ್ನನ್ನು ಕರೆಯಲಿಲ್ಲ. ಗಂಡನಿಗಾಗಿ ಎಷ್ಟು ದಿನ ಕಾಯುವುದು, ಆಮೇಲೆ ಯಾವ ದಾರಿ ಎಂದು ಅವಳೊಂದು ಗಡುವು ಹಾಕಿಕೊಂಡಿದ್ದಾಳಂತೆ. ಅದು ಅವಳಿಗೂ ಅವಳ ಡಾಕ್ಟರಿಗೂ ಮಾತ್ರ ಗೊತ್ತು. ಅಮ್ಮನಿಗೂ ಹೇಳಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ.